ಫಿಲ್ಟರಿನ ಅಂಕೆ, ಯಂತ್ರದ ಅಂಕೆ: ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳ ಶೋಧನೆ ಮತ್ತು ಸೋರಿಕೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ವ್ಯಾಕ್ಯೂಮ್ ಕ್ಲೀನರಿನ ಡಬ್ಬದ ಮೇಲೆ ಅಚ್ಚಾಗಿರುವ ಶೇ. 99.95, ಶೇ. 99.97 ಮುಂತಾದ ಅಂಕೆಗಳು ಸಾಮಾನ್ಯವಾಗಿ ಒಳಗಿರುವ ಫಿಲ್ಟರಿಗೆ ಸೇರಿದವು. ಯಂತ್ರದ ಹೊರದಾರಿಯಿಂದ ಕೋಣೆಗೆ ಮರಳುವ ಗಾಳಿಯಲ್ಲಿ ಎಷ್ಟು ಧೂಳು ಉಳಿದಿದೆ ಎಂಬುದಕ್ಕೆ ಆ ಅಂಕೆ ಉತ್ತರವಲ್ಲ. ಇವೆರಡರ ನಡುವಿನ ಅಂತರ ಎಷ್ಟು, ಅದು ಯಾವ ಕಾರಣಗಳಿಂದ ಉಂಟಾಗುತ್ತದೆ, ಅದನ್ನು ಅಳೆಯಲು ಯಾವ ವಿಧಾನಗಳಿವೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಹೀರುವ ಬಲ, ವಿದ್ಯುತ್ ಬಳಕೆ, ಸದ್ದು ಇವು ಇಲ್ಲಿ ಬರುವುದು ಶೋಧನೆಗೆ ಸಂಬಂಧಪಟ್ಟಷ್ಟು ಮಾತ್ರ. ಆರೋಗ್ಯದ ಮೇಲಿನ ಪರಿಣಾಮವನ್ನು ಬೇಕೆಂದೇ ಬಿಡಲಾಗಿದೆ. ಅದಕ್ಕೆ ಬೇರೆ ಬಗೆಯ ಆಧಾರ ಬೇಕು.

ಕೆಲವು ಪದಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅನುಕೂಲ. ಫಿಲ್ಟರಿಗೆ ಬಂದ ಕಣಗಳಲ್ಲಿ ಅದನ್ನು ದಾಟಿಹೋಗುವ ಪಾಲನ್ನು ‘ನುಸುಳಿಕೆ’ ಎಂದು ಕರೆಯಲಾಗಿದೆ. ಫಿಲ್ಟರನ್ನು ಮುಟ್ಟದೆ ಅದರ ಅಂಚಿನಿಂದಲೋ ಕವಚದ ಬಿರುಕಿನಿಂದಲೋ ಹೊರಬೀಳುವ ಗಾಳಿಯ ಪಾಲು ‘ಸೋರಿಕೆ’. ಮೋಟರಿಗೆ ಮುಂಚಿನ ದಾರಿ ‘ಎಳೆಯುವ ಬದಿ’, ಅದರ ನಂತರದ ದಾರಿ ‘ಊದುವ ಬದಿ’.

2. ಎರಡು ಬದಿಗಳು: 1901 ಮತ್ತು 1908

ಈ ವಿಷಯದಲ್ಲಿ ಇಂದಿಗೂ ಮುಖ್ಯವಾಗಿ ಉಳಿದಿರುವ ವಿನ್ಯಾಸದ ಪ್ರಶ್ನೆ ಆರಂಭದ ಎರಡು ಯಂತ್ರಗಳಲ್ಲಿಯೇ ಕಾಣುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆಯ ಫಿಲ್ಟರ್ ಪಂಪಿಗಿಂತ ಮೊದಲೇ ಇತ್ತು. ಅಂದರೆ ಧೂಳು ನಿಲ್ಲುವುದು ಎಳೆಯುವ ಬದಿಯಲ್ಲಿ. ಯಂತ್ರ ಬಲು ದೊಡ್ಡದು. ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲಿಸಿ, ಉದ್ದದ ಕೊಳವೆಗಳನ್ನು ಕಿಟಕಿಯ ಮೂಲಕ ಮನೆಯೊಳಗೆ ಬಿಡುತ್ತಿದ್ದರು.

ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಅವರಿಗೆ 1908ರ ಜೂನ್ 2ರಂದು ಪೇಟೆಂಟ್ ದೊರೆತ ಯಂತ್ರ ಇದಕ್ಕೆ ವಿರುದ್ಧ ಕ್ರಮದ್ದು. ಅದರಲ್ಲಿ ಧೂಳು ಮೊದಲು ಫ್ಯಾನನ್ನು ದಾಟಿ ಆಮೇಲೆ ಬಟ್ಟೆಯ ಚೀಲಕ್ಕೆ ಹೋಗುತ್ತಿತ್ತು. ಅವರು ಮೊದಲ ಮಾದರಿಗೆ ದಿಂಬಿನ ಚೀಲ ಬಳಸಿದರು, ಅವರಿಗೆ ಉಬ್ಬಸವಿತ್ತು ಎಂದು ಬಹುತೇಕ ಎಲ್ಲ ವಿವರಣೆಗಳಲ್ಲೂ ಬರುತ್ತದೆ. ಹೂವರ್ ಕುಟುಂಬ ಇದೇ ಪೇಟೆಂಟನ್ನು ಕೊಂಡು ಉದ್ಯಮ ಕಟ್ಟಿತು.

ಸೋರಿಕೆಯ ದೃಷ್ಟಿಯಿಂದ ಎರಡರ ವ್ಯತ್ಯಾಸ ಸ್ಪಷ್ಟ. ಎಳೆಯುವ ಬದಿಯಲ್ಲಿ ಒಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆ. ಅಲ್ಲಿ ಕವಚ ಬಿರುಕು ಬಿಟ್ಟರೆ ಕೋಣೆಯ ಗಾಳಿ ಒಳಕ್ಕೆ ನುಗ್ಗುತ್ತದೆ. ಹೀರುವ ಬಲ ಕುಗ್ಗುತ್ತದೆ, ಧೂಳು ಮಾತ್ರ ಹೊರಗೆ ಬರುವುದಿಲ್ಲ. ಊದುವ ಬದಿಯಲ್ಲಿ ಒತ್ತಡ ಹೆಚ್ಚು. ಅಲ್ಲಿನ ಪ್ರತಿಯೊಂದು ಬಿರುಕೂ ಧೂಳಿಗೆ ಹೊರದಾರಿ. ಸ್ಪ್ಯಾಂಗ್ಲರ್ ಕ್ರಮದ ಯಂತ್ರದಲ್ಲಿ ಚೀಲ ಪೂರ್ತಿಯಾಗಿ ಊದುವ ಬದಿಯಲ್ಲಿರುವುದರಿಂದ ಬಟ್ಟೆಯ ನೇಯ್ಗೆ, ಹೊಲಿಗೆ, ಚೀಲದ ಬಾಯಿ ಮೂರೂ ಸೋರಿಕೆಯ ಜಾಗಗಳೇ.

ಇಂದು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಡಬ್ಬಿಯಾಕಾರದ ಯಂತ್ರಗಳು ಬೂತ್ ಕ್ರಮದವು: ಚೀಲ ಅಥವಾ ಧೂಳಿನ ಡಬ್ಬಿ ಮೋಟರಿಗೆ ಮುಂಚೆ. ಆದರೆ ಕೊನೆಯ ನಯವಾದ ಫಿಲ್ಟರನ್ನು ಹಲವು ತಯಾರಕರು ಮೋಟರಿನ ನಂತರ ಕೂರಿಸುತ್ತಾರೆ. ಅದಕ್ಕೆ ಸಕಾರಣವಿದೆ (6ನೇ ಭಾಗ ನೋಡಿ). ಹಾಗೆ ಕೂರಿಸಿದಾಗ ಮೋಟರಿನಿಂದ ಫಿಲ್ಟರಿನವರೆಗಿನ ದಾರಿ ಊದುವ ಬದಿಗೆ ಸೇರುತ್ತದೆ. ಯಂತ್ರದ ಎಲ್ಲ ಸೀಲುಗಳೂ ಒಂದೇ ತೂಕದವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕೊಳವೆಯ ಕೀಲಿನ ಸಡಿಲಕ್ಕಿಂತ ಹಿಂಬದಿಯ ಫಿಲ್ಟರ್ ಬಾಗಿಲಿನ ಸಡಿಲ ಹೆಚ್ಚು ಗಂಭೀರ.

3. ‘ಹೆಪಾ’ ಎಂಬ ಪದ ಮತ್ತು ವರ್ಗಸಂಖ್ಯೆಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಣ್ವಸ್ತ್ರ ಯೋಜನೆಯ ವಿಕಿರಣಶೀಲ ಧೂಳನ್ನು ತಡೆಯಲು ರೂಪುಗೊಂಡ ಫಿಲ್ಟರುಗಳೇ ಹೆಪಾದ ಮೂಲ. 0.3 ಮೈಕ್ರಾನ್ ಎಂಬ ಅಳತೆ ಅಲ್ಲಿಂದ ಬಂದದ್ದು. ನಾರಿನ ಫಿಲ್ಟರನ್ನು ಅತಿ ಹೆಚ್ಚಾಗಿ ನುಸುಳುವ ಕಣ ಸುಮಾರು ಆ ಗಾತ್ರದ್ದೆಂದು ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರ ಯುದ್ಧಕಾಲದ ಲೆಕ್ಕ ತೋರಿಸಿತ್ತು. 1956ರ ಅಮೆರಿಕದ ಸೇನಾ ಪರೀಕ್ಷಾ ಮಾನಕ 282 ಆ ಗಾತ್ರದ ಎಣ್ಣೆ ಹನಿಗಳನ್ನೇ ಪರೀಕ್ಷಾ ಕಣಗಳಾಗಿ ಇಟ್ಟುಕೊಂಡಿತು. ‘0.3 ಮೈಕ್ರಾನಿನಲ್ಲಿ ಶೇ. 99.97’ ಎಂಬ ಅಮೆರಿಕದ ವ್ಯಾಖ್ಯೆ ಆ ಪರಂಪರೆಯದು.

ಅದಕ್ಕಿಂತ ಚಿಕ್ಕ ಕಣಗಳೆಲ್ಲ ಹೆಪಾವನ್ನು ದಾಟಿಹೋಗುತ್ತವೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಪ್ಪು. ದೊಡ್ಡ ಕಣಗಳು ಗಾಳಿಯೊಡನೆ ತಿರುಗಲಾರದೆ ನಾರಿಗೆ ಬಡಿಯುತ್ತವೆ. ಮಧ್ಯಮ ಗಾತ್ರದವು ನಾರನ್ನು ಒರೆಸಿಕೊಂಡು ಹೋಗುವಾಗ ಸಿಕ್ಕಿಬೀಳುತ್ತವೆ. ತೀರಾ ಚಿಕ್ಕವು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆಯುತ್ತ ನಾರನ್ನು ತಲುಪುತ್ತವೆ. ಈ ಮೂರೂ ದುರ್ಬಲವಾಗಿರುವ ಗಾತ್ರದಲ್ಲಿ ನುಸುಳಿಕೆ ಅತಿ ಹೆಚ್ಚು. ಇಂದಿನ ಸಾಮಾನ್ಯ ಫಿಲ್ಟರ್ ಹಾಳೆಗಳಲ್ಲಿ ಈ ಗಾತ್ರ 0.1ರಿಂದ 0.3 ಮೈಕ್ರಾನಿನ ನಡುವೆ ಬೀಳುತ್ತದೆ; ಗಾಳಿಯ ವೇಗ ಹೆಚ್ಚಿದರೆ ಇನ್ನೂ ಚಿಕ್ಕದರ ಕಡೆಗೆ ಸರಿಯುತ್ತದೆ.

ಯುರೋಪಿನ ಮಾನಕ ಇಎನ್ 1822 ಈ ತಿಳಿವಳಿಕೆಯ ಮೇಲೆ ನಿಂತಿದೆ. ಅದು 0.3 ಮೈಕ್ರಾನಿಗೆ ಕಟ್ಟುಬೀಳದೆ, ಆಯಾ ಫಿಲ್ಟರಿನಲ್ಲಿ ಅತಿ ಹೆಚ್ಚು ನುಸುಳುವ ಗಾತ್ರದಲ್ಲಿಯೇ ದಕ್ಷತೆಯನ್ನು ಅಳೆಯುತ್ತದೆ. ಆದ್ದರಿಂದ ಅಮೆರಿಕದ 99.97 ಮತ್ತು ಯುರೋಪಿನ ಎಚ್13 ವರ್ಗದ 99.95 ಇವೆರಡನ್ನು ಪಕ್ಕಪಕ್ಕ ಇಟ್ಟು ಮೊದಲನೆಯದೇ ಮೇಲು ಎನ್ನಲಾಗದು. ಅಳತೆಯ ಬಿಂದುವೇ ಬೇರೆ.

ಇನ್ನೊಂದು ಗೊಂದಲ ದಿನಾಂಕಕ್ಕೆ ಸಂಬಂಧಿಸಿದ್ದು, ಕೊಳ್ಳುವವರ ಮೇಲೆ ನೇರವಾಗಿ ಪರಿಣಾಮ ಬೀರುವಂಥದ್ದು. ಇಎನ್ 1822ರ 1998ರ ಆವೃತ್ತಿಯಲ್ಲಿ ಎಚ್10 (ಕನಿಷ್ಠ ಶೇ. 85), ಎಚ್11 (ಶೇ. 95), ಎಚ್12 (ಶೇ. 99.5), ಎಚ್13 (ಶೇ. 99.95), ಎಚ್14 (ಶೇ. 99.995) ಎಂದು ಎಲ್ಲವೂ ‘ಎಚ್’ ಅಕ್ಷರದ ಕೆಳಗೇ ಇದ್ದವು. 2009ರ ಪರಿಷ್ಕರಣೆಯಲ್ಲಿ ಮೊದಲ ಮೂರನ್ನು ಇ10, ಇ11, ಇ12 ಎಂದು ಬದಲಿಸಿ ಹೆಪಾ ಗುಂಪಿನಿಂದ ಹೊರಗಿಡಲಾಯಿತು. ದಕ್ಷತೆಯ ಮಿತಿಗಳು ಬದಲಾಗಲಿಲ್ಲ, ಹೆಸರಷ್ಟೇ ಬದಲಾಯಿತು. ಈಗಲೂ ‘ಹೆಪಾ 10’, ‘ಹೆಪಾ 12’ ಎಂಬ ಬರಹ ಕಾಣಸಿಕ್ಕರೆ ಅದು 2009ಕ್ಕಿಂತ ಹಿಂದಿನ ವರ್ಗೀಕರಣದ ಉಳಿಕೆ. ‘ಹೆಪಾ 10’ ಎಂಬುದು ನೂರಕ್ಕೆ 15ರಷ್ಟು ಕಣಗಳನ್ನು ಬಿಡಬಹುದಾದ ಫಿಲ್ಟರ್. ಎಚ್13 ಬಿಡಬಹುದಾದದ್ದು ಹತ್ತು ಸಾವಿರಕ್ಕೆ 5. ಎರಡರ ನುಸುಳಿಕೆಯ ಅನುಪಾತ 300. ಒಂದೇ ಪದ ಇವೆರಡಕ್ಕೂ ನಡೆಯುತ್ತಿದ್ದಾಗ ಆ ಪದದಿಂದ ಏನೂ ತಿಳಿಯುವಂತಿರಲಿಲ್ಲ. ವರ್ಗಸಂಖ್ಯೆಯೇ ಇಲ್ಲದ ‘ಹೆಪಾ ಮಾದರಿಯ’ ಫಿಲ್ಟರ್ ಎಂಬ ವರ್ಣನೆಯನ್ನು ಯಾವ ಮಾನಕಕ್ಕೂ ಹೊಂದಿಸಿ ನೋಡಲು ಬರುವುದಿಲ್ಲ.

ವರ್ಗಸಂಖ್ಯೆ ಇದ್ದರೂ ಅದು ತಯಾರಕರು ಗೊತ್ತುಪಡಿಸಿದ ಗಾಳಿಯ ಹರಿವಿಗೆ ಮಾತ್ರ ಅನ್ವಯ. ಸೇನಾ ಮಾನಕದ ಕಾಲದಿಂದ ಫಿಲ್ಟರ್ ಹಾಳೆಯನ್ನು 100 ಚದರ ಸೆಂ.ಮೀ.ಗೆ ನಿಮಿಷಕ್ಕೆ 32 ಲೀಟರ್ ಗಾಳಿ ಹಾಯಿಸಿ ಪರೀಕ್ಷಿಸುವುದು ರೂಢಿ. ಅಂದರೆ ಸೆಕೆಂಡಿಗೆ 5.3 ಸೆಂ.ಮೀ. ವೇಗ. ಲೆಕ್ಕಕ್ಕಾಗಿ, 15 ಸೆಂ.ಮೀ. ಉದ್ದ, 2.5 ಸೆಂ.ಮೀ. ಆಳದ 20 ಮಡಿಕೆಗಳಿರುವ ಫಿಲ್ಟರೊಂದನ್ನು ಊಹಿಸೋಣ. ಎರಡೂ ಮೈ ಸೇರಿ ಹಾಳೆಯ ವಿಸ್ತೀರ್ಣ 1,500 ಚದರ ಸೆಂ.ಮೀ. ಸೆಕೆಂಡಿಗೆ 30 ಲೀಟರ್ ಗಾಳಿ ಹಾಯ್ದರೆ ವೇಗ 20 ಸೆಂ.ಮೀ., ರೂಢಿಯ ಪರೀಕ್ಷಾ ವೇಗದ ಸುಮಾರು ನಾಲ್ಕರಷ್ಟು. ವೇಗ 5.3ಕ್ಕೆ ಇಳಿಯಬೇಕಾದರೆ 5,700 ಚದರ ಸೆಂ.ಮೀ. ಹಾಳೆ ಬೇಕು. ಚಿಕ್ಕ ಯಂತ್ರದಲ್ಲಿ ಅಷ್ಟು ಜಾಗವಿರುವುದು ಕಷ್ಟ. ಹಾಳೆಯ ಮೇಲೆ ಬರೆದ ವರ್ಗ ಆ ಯಂತ್ರದ ನಿಜವಾದ ಹರಿವಿನಲ್ಲಿ ಉಳಿಯುತ್ತದೆಯೇ ಎಂಬುದನ್ನು ಆದ್ದರಿಂದ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

4. ಸೋರಿಕೆಯ ಲೆಕ್ಕ

ಫಿಲ್ಟರಿನ ನುಸುಳಿಕೆ ‘ನು’, ಒಟ್ಟು ಹರಿವಿನಲ್ಲಿ ಸೋರಿಕೆಯ ಪಾಲು ‘ಸೋ’ ಆಗಿದ್ದರೆ, ಹೊರಬರುವ ಕಣಗಳ ಒಟ್ಟು ಪಾಲು = ಸೋ + (1 − ಸೋ) × ನು. ಸೋರುವ ಗಾಳಿ ಫಿಲ್ಟರಿನ ಮುಂದಿನ ಗಾಳಿಯಷ್ಟೇ ಕೊಳಕು ಎಂಬುದು ಇಲ್ಲಿನ ಊಹೆ. ಅರ್ಧ ಮೈಕ್ರಾನಿಗಿಂತ ಚಿಕ್ಕ ಕಣಗಳ ಮಟ್ಟಿಗೆ ಇದು ಒಪ್ಪಬಹುದಾದದ್ದು. ದೊಡ್ಡ ಕಣಗಳಲ್ಲಿ ಕೆಲವು ಬಿರುಕಿನ ಗೋಡೆಗೇ ಬಡಿದು ನಿಲ್ಲಬಹುದು.

ಎಚ್13 ಫಿಲ್ಟರಿನ ನುಸುಳಿಕೆ ಶೇ. 0.05. ಶೇ. 1 ಸೋರಿಕೆ ಸೇರಿದರೆ ಒಟ್ಟು ಶೇ. 1.05, ಅಂದರೆ ಫಿಲ್ಟರ್ ಒಂದೇ ಬಿಡುತ್ತಿದ್ದದ್ದರ 21 ಪಟ್ಟು. ಸೋರಿಕೆ ಶೇ. 0.1 ಮಾತ್ರ ಇದ್ದರೂ ಒಟ್ಟು ಶೇ. 0.15, ಮೂರು ಪಟ್ಟು. ಇದೇ ಶೇ. 1 ಸೋರಿಕೆಯನ್ನು ಶೇ. 5 ಬಿಡುವ ಇ11 ಫಿಲ್ಟರಿಗೆ ಸೇರಿಸಿದರೆ ಒಟ್ಟು ಶೇ. 5.95, ಹೆಚ್ಚಳ ಐದನೆಯ ಒಂದು ಭಾಗದಷ್ಟು. ಫಿಲ್ಟರ್ ಉತ್ತಮವಾದಷ್ಟೂ ಸೀಲಿನ ಪಾತ್ರ ಹೆಚ್ಚುತ್ತ ಹೋಗುತ್ತದೆ. ಸೀಲ್ ಸುಧಾರಿಸದೆ ಎಚ್13ರಿಂದ ಎಚ್14ಕ್ಕೆ ಏರಿದರೆ, ಶೇ. 1 ಸೋರಿಕೆಯ ಯಂತ್ರದಲ್ಲಿ ಒಟ್ಟು ಪಾಲು 1.05ರಿಂದ 1.005ಕ್ಕೆ ಇಳಿಯುತ್ತದೆ. ಮನೆಯಲ್ಲಿ ಆ ವ್ಯತ್ಯಾಸವನ್ನು ಅಳೆಯಲು ಸಾಧ್ಯವಾಗುವುದು ಅನುಮಾನ.

ಶೇ. 0.1 ಸೋರಿಕೆಗೆ ಎಷ್ಟು ದೊಡ್ಡ ಬಿರುಕು ಬೇಕು? ಗ್ಯಾಸ್ಕೆಟ್ ಮತ್ತು ಕವಚದ ನಡುವೆ 0.1 ಮಿ.ಮೀ. ಸಂದು, ಅಂದರೆ ಬರೆಯುವ ಕಾಗದದ ಒಂದು ಹಾಳೆಯ ದಪ್ಪ. ಅದು ಅಂಚಿನುದ್ದಕ್ಕೆ 5 ಸೆಂ.ಮೀ. ಹಬ್ಬಿದೆ, ಗಾಳಿ ದಾಟಬೇಕಾದ ಅಗಲ 5 ಮಿ.ಮೀ.; ಒತ್ತಡದ ವ್ಯತ್ಯಾಸ 1,000 ಪಾಸ್ಕಲ್ ಎಂದು ಇಟ್ಟುಕೊಂಡರೆ, ತೆಳು ಸಂದಿನ ಪದರಹರಿವಿನ ಸೂತ್ರದಿಂದ ಸೆಕೆಂಡಿಗೆ ಸುಮಾರು 0.046 ಲೀಟರ್ ಬರುತ್ತದೆ. 30 ಲೀಟರ್ ಹರಿವಿನಲ್ಲಿ ಅದು ಶೇ. 0.15. ಕಣ್ಣಿಗೆ ಬೀಳದ ಈ ಸಂದು ಒಂದೇ ಎಚ್13 ಫಿಲ್ಟರಿನ ಇಡೀ ಹಾಳೆ ಬಿಡುವುದರ ಮೂರು ಪಟ್ಟು ಕಣಗಳನ್ನು ಬಿಡಬಲ್ಲದು. ಸೂತ್ರದಂತೆ ಸಂದು ಎರಡರಷ್ಟಾದರೆ ಹರಿವು ಎಂಟರಷ್ಟಾಗಬೇಕು. ಆದರೆ ಆ ವೇಗದಲ್ಲಿ ಸಂದಿನ ಬಾಯಲ್ಲಿಯೇ ಒತ್ತಡ ಗಣನೀಯವಾಗಿ ಕಳೆದುಹೋಗುವುದರಿಂದ ನಿಜವಾದ ಹೆಚ್ಚಳ ಎಂಟಕ್ಕಿಂತ ಕಡಿಮೆ. 1,000 ಪಾಸ್ಕಲ್ ಎಂಬುದು ಲೆಕ್ಕದ ಊಹೆ. ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಅಂಶವಿದೆ. ಫಿಲ್ಟರ್ ಧೂಳು ತುಂಬಿಕೊಂಡಂತೆ ಅದರ ತಡೆ ಹೆಚ್ಚುತ್ತದೆ. ಗಾಜಿನ ನಾರಿನಂಥ ಯಾಂತ್ರಿಕ ಹಾಳೆಯ ದಕ್ಷತೆ ಆಗ ಸಾಮಾನ್ಯವಾಗಿ ಹೆಚ್ಚುವುದೇ ಸರಿ. ಆದರೆ ಒಟ್ಟು ಹರಿವು ಇಳಿದು, ಹಾಳೆಯ ಎರಡು ಬದಿಯ ಒತ್ತಡದ ವ್ಯತ್ಯಾಸ ಏರಿದಾಗ, ಸಂದಿನಿಂದ ಹೋಗುವ ಪಾಲು ದೊಡ್ಡದಾಗುತ್ತದೆ. ಗೋಡೆ ಉಜ್ಜಿದ ಪುಟ್ಟಿಯ ಧೂಳನ್ನು ಎಳೆದ ಯಂತ್ರದಲ್ಲಿ ಈ ಸ್ಥಿತಿ ಬೇಗ ಬರುತ್ತದೆ. ಸ್ಥಿರವಿದ್ಯುತ್ ಆವೇಶದಿಂದ ಕೆಲಸ ಮಾಡುವ ಹಾಳೆಗಳದ್ದು ಬೇರೆ ದಾರಿ: ಆವೇಶ ಮಂಕಾದಂತೆ ಮೊದಮೊದಲು ಅವುಗಳ ದಕ್ಷತೆಯೇ ಇಳಿಯಬಹುದು.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಮೇಲಿನ ಲೆಕ್ಕ ಒಂದೇ ಹಂತದ ಶೋಧನೆಗೆ. ಮೋಟರಿಗೆ ಮುಂಚೆ ಶೇ. 95 ಕಣಗಳನ್ನು ತಡೆಯುವ ಚೀಲವಿದ್ದು, ಊದುವ ಬದಿಯ ಎಚ್13ರಲ್ಲಿ ಶೇ. 1 ಸೋರಿಕೆ ಇದ್ದರೂ, ಹೀರಿದ ಧೂಳಿನಲ್ಲಿ ಹೊರಬರುವುದು 0.05 × 0.0105, ಅಂದರೆ ಶೇ. 0.053. ಮುಂಚಿನ ಹಂತ ಬಲವಾಗಿದ್ದರೆ ಕೊನೆಯ ಸೀಲಿನ ದೋಷ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಹಲವು ಪದರಗಳ ಕೃತಕ ನಾರಿನ ಚೀಲವಿರುವ ಯಂತ್ರಕ್ಕೆ ಇದು ಅನುಕೂಲ. ಸುಳಿಗಾಳಿಯಿಂದ ಧೂಳು ಬೇರ್ಪಡಿಸುವ ಚೀಲರಹಿತ ಯಂತ್ರಗಳಲ್ಲಿ, ಒಂದು ಮೈಕ್ರಾನಿಗಿಂತ ಚಿಕ್ಕ ಕಣಗಳನ್ನು ಸುಳಿ ಸಾಮಾನ್ಯವಾಗಿ ಹಿಡಿಯಲಾರದು. ಆ ಹೊರೆ ಮೋಟರಿನ ಮುಂಚಿನ ಫಿಲ್ಟರಿನ ಮೇಲೆ, ಅದರ ಅಂಚಿನ ಸೀಲಿನ ಮೇಲೆ ಬೀಳುತ್ತದೆ.

5. ಇಡೀ ಯಂತ್ರವನ್ನು ಅಳೆಯುವ ಮಾನಕಗಳು

ಫಿಲ್ಟರನ್ನು ಬಿಟ್ಟು ಯಂತ್ರವನ್ನೇ ಪರೀಕ್ಷೆಗೊಡ್ಡುವ ಮೂರು ಪಠ್ಯಗಳು ಇಲ್ಲಿ ಮುಖ್ಯ.

(ಅ) ಎಎಸ್‌ಟಿಎಂ ಎಫ್1977. ಮೊದಲ ಆವೃತ್ತಿ 1999ರದು. ಪೊಟ್ಯಾಸಿಯಮ್ ಕ್ಲೋರೈಡ್ ಕಣಗಳನ್ನು ಯಂತ್ರಕ್ಕೆ ಉಣಿಸಿ, ಹೊರಬರುವ ಗಾಳಿಯಲ್ಲಿ 0.3 ಮೈಕ್ರಾನಿನಿಂದ ಮೇಲಿನ ಹಲವು ಗಾತ್ರಗಳಲ್ಲಿ ಎಣಿಸುತ್ತಾರೆ. ಶೀರ್ಷಿಕೆಯಲ್ಲಿಯೇ ‘ಆರಂಭಿಕ’ ದಕ್ಷತೆ ಎಂದಿರುವುದನ್ನು ಗಮನಿಸಬೇಕು. ಹೊಸ ಯಂತ್ರದ ಅಂಕೆ ಅದು; ಗ್ಯಾಸ್ಕೆಟ್ ಹಳೆಯದಾದ ಮೇಲಿನ ಸ್ಥಿತಿಗೆ ಅದು ಸಾಕ್ಷಿಯಾಗದು.

(ಆ) ಐಇಸಿ 60312-1, 2016ರಿಂದ ಐಇಸಿ 62885-2. ಯುರೋಪಿನ ನಿಯಮಗಳ ಅಳತೆ ಈ ಸರಣಿಯನ್ನು ಆಧರಿಸಿದೆ. ಐರೋಪ್ಯ ಒಕ್ಕೂಟದ 666/2013 ಸಂಖ್ಯೆಯ ನಿಯಮ ‘ಧೂಳಿನ ಮರುಹೊಮ್ಮುವಿಕೆ’ಯನ್ನು ಹೀಗೆ ನಿರೂಪಿಸುತ್ತದೆ: ಯಂತ್ರಕ್ಕೆ ಉಣಿಸಿದ 0.3ರಿಂದ 10 ಮೈಕ್ರಾನಿನ ಕಣಗಳ ಸಂಖ್ಯೆಗೆ, ಯಂತ್ರ ಹೊರಬಿಟ್ಟ ಅದೇ ವ್ಯಾಪ್ತಿಯ ಕಣಗಳ ಸಂಖ್ಯೆಯ ಶೇಕಡಾವಾರು ಅನುಪಾತ. ಹೊರದಾರಿಯಿಂದ ಬಂದದ್ದು ಮಾತ್ರವಲ್ಲದೆ, ಸೋರಿಕೆಯಿಂದ ಬಂದದ್ದೂ ಯಂತ್ರ ತಾನೇ ಉಂಟುಮಾಡಿದ್ದೂ ಇದರಲ್ಲಿ ಸೇರಬೇಕೆಂದು ವ್ಯಾಖ್ಯೆ ಸ್ಪಷ್ಟವಾಗಿ ಹೇಳುತ್ತದೆ. ಈ ಟಿಪ್ಪಣಿಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ವ್ಯಾಖ್ಯೆ ಸಿಗುವುದು ಕಷ್ಟ. ನೆಲದ ಬಗೆಗೂ ಇದಕ್ಕೂ ಸಂಬಂಧವಿಲ್ಲ. ಧೂಳನ್ನು ನೇರವಾಗಿ ಉಣಿಸುವುದರಿಂದ ರತ್ನಗಂಬಳಿಯ ಮನೆಗೂ ರೆಡ್ ಆಕ್ಸೈಡ್ ನೆಲದ ಮನೆಗೂ ಫಲಿತಾಂಶ ಒಂದೇ ರೀತಿ ಅನ್ವಯ.

ಜೊತೆಯ 665/2013 ನಿಯಮದಂತೆ 2014ರ ಸೆಪ್ಟೆಂಬರಿನಿಂದ ಶಕ್ತಿ ಪಟ್ಟಿಯ ಮೇಲೆ ಮರುಹೊಮ್ಮುವಿಕೆಯ ದರ್ಜೆಯೂ ಬಂತು: ಶೇ. 0.02ರ ಒಳಗಿದ್ದರೆ ‘ಎ’, 0.08ರವರೆಗೆ ‘ಬಿ’, 0.20ರವರೆಗೆ ‘ಸಿ’, ಹೀಗೆ ಶೇ. 1.00 ಮೀರಿದರೆ ‘ಜಿ’. ಆ ಪಟ್ಟಿ ಈಗ ಇಲ್ಲ. ಡೈಸನ್ ಕಂಪನಿ ಹೂಡಿದ್ದ ದಾವೆಯನ್ನು ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ 2015ರ ನವೆಂಬರ್ 11ರಂದು ತಳ್ಳಿಹಾಕಿತ್ತು. 2017ರ ಮೇ 11ರಂದು ಮೇಲಿನ ನ್ಯಾಯಾಲಯ ಆ ತೀರ್ಪಿನ ಒಂದು ಭಾಗವನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. 2018ರ ನವೆಂಬರ್ 8ರಂದು ಜನರಲ್ ಕೋರ್ಟ್ 665/2013ನ್ನೇ ರದ್ದುಮಾಡಿತು. 2019ರ ಜನವರಿಯಿಂದ ಆ ರದ್ದತಿ ಜಾರಿಗೆ ಬಂತು. ಧೂಳಿನ ಡಬ್ಬಿ ಖಾಲಿ ಇರುವಾಗಲೇ ಶಕ್ತಿಬಳಕೆಯನ್ನು ಪರೀಕ್ಷಿಸುವುದು ವಾಸ್ತವ ಬಳಕೆಗೆ ಹೊಂದುವುದಿಲ್ಲ ಎಂಬುದು ಕಾರಣ.

ಈ ಕಾರಣ ಮರುಹೊಮ್ಮುವಿಕೆಯ ಅಳತೆಯನ್ನು ಕುರಿತದ್ದಲ್ಲ ಎಂಬುದು ಗಮನಾರ್ಹ. ಅದು ಧೂಳು ಉಣಿಸಿಯೇ ಮಾಡುವ ಪರೀಕ್ಷೆ. ಆದರೂ ಎಲ್ಲ ದರ್ಜೆಗಳು ಒಂದೇ ಪಟ್ಟಿಯಲ್ಲಿದ್ದುದರಿಂದ ಇದೂ ಜೊತೆಗೆ ಹೋಯಿತು. ಉಳಿದದ್ದು 666/2013ರ ಮಿತಿ: 2017ರ ಸೆಪ್ಟೆಂಬರಿನಿಂದ ಮರುಹೊಮ್ಮುವಿಕೆ ಶೇ. 1.00 ಮೀರುವಂತಿಲ್ಲ. ಹಿಂದಿನ ‘ಎ’ ದರ್ಜೆಯ ಮೇಲ್ಮಿತಿಗಿಂತ ಇದು 50 ಪಟ್ಟು ಸಡಿಲ. ಹೀಗಾಗಿ ಶೇ. 0.02ರ ಯಂತ್ರವನ್ನೂ ಶೇ. 0.9ರ ಯಂತ್ರವನ್ನೂ ಬೇರೆಯಾಗಿ ತೋರಿಸುವ ಗುರುತು ಈಗ ಇಲ್ಲ. ಈ ನಷ್ಟ ಆಗಬೇಕಿರಲಿಲ್ಲ ಎಂಬುದು ಈ ಟಿಪ್ಪಣಿಕಾರರ ಅಭಿಪ್ರಾಯ.

(ಇ) ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೀಸದ ಬಣ್ಣದ ನಿಯಮ. 2008ರಲ್ಲಿ ಪ್ರಕಟವಾಗಿ 2010ರ ಏಪ್ರಿಲ್ 22ರಿಂದ ಪೂರ್ಣವಾಗಿ ಜಾರಿಗೆ ಬಂದ ಈ ನಿಯಮ, 1978ಕ್ಕಿಂತ ಹಿಂದಿನ ಮನೆಗಳ ದುರಸ್ತಿಗೆ ಸಂಬಂಧಿಸಿದ್ದು. ಅದರಲ್ಲಿ ‘ಹೆಪಾ ವ್ಯಾಕ್ಯೂಮ್’ ಎನ್ನಿಸಿಕೊಳ್ಳಲು ಕೊನೆಯ ಹಂತದಲ್ಲಿ ಹೆಪಾ ಫಿಲ್ಟರ್ ಇದ್ದರೆ ಸಾಲದು. ಒಳಗೆಳೆದ ಗಾಳಿಯೆಲ್ಲವೂ ಆ ಫಿಲ್ಟರಿನ ಮೂಲಕವೇ ಹೊರಹೋಗುವಂತೆ, ಸ್ವಲ್ಪವೂ ಪಕ್ಕದಿಂದ ಸೋರದಂತೆ ಯಂತ್ರವನ್ನು ವಿನ್ಯಾಸಗೊಳಿಸಿರಬೇಕು. ಕಾನೂನಿನ ಪಠ್ಯವೊಂದು ಫಿಲ್ಟರನ್ನೂ ಸೀಲನ್ನೂ ಎರಡು ಬೇರೆ ಷರತ್ತುಗಳಾಗಿ ಬರೆದಿರುವುದಕ್ಕೆ ಇದು ಸ್ಪಷ್ಟ ಉದಾಹರಣೆ. ಪಠ್ಯ ‘ವಿನ್ಯಾಸ’ದ ಮಾತನ್ನಾಡುತ್ತದೆ; ಸೋರಿಕೆಗೆ ಅಳೆಯಬಹುದಾದ ಮಿತಿಯನ್ನು ಆ ವ್ಯಾಖ್ಯೆಯಲ್ಲಿ ಕೊಟ್ಟಿಲ್ಲ.

6. ಮೋಟರ್ ತಾನೇ ಹುಟ್ಟಿಸುವ ಕಣಗಳು

ತಂತಿಯ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಯುನಿವರ್ಸಲ್ ಮೋಟರಿನಲ್ಲಿ ಇಂಗಾಲದ ಬ್ರಷ್‌ಗಳು ತಾಮ್ರದ ಕಮ್ಯುಟೇಟರನ್ನು ಉಜ್ಜುತ್ತ ಸವೆಯುತ್ತವೆ. 1999ರಲ್ಲಿ ಪಾಲ್ ಲಿಯೋಯ್ ಮತ್ತು ಸಂಗಡಿಗರು 11 ಮನೆಬಳಕೆಯ ಯಂತ್ರಗಳನ್ನು ಪರೀಕ್ಷಿಸಿ ಮೋಟರಿನ ಈ ಹೊಮ್ಮುವಿಕೆಯನ್ನು ದಾಖಲಿಸಿದ್ದರು. ಇಂಥ ಮೋಟರುಗಳಿಂದ ತಾಮ್ರದ ಅತಿಸೂಕ್ಷ್ಮ ಕಣಗಳು ಬರುವುದನ್ನು 2007ರ ಜರ್ಮನ್ ಅಧ್ಯಯನವೊಂದು ತೋರಿಸಿತು. ಫಿಲ್ಟರುಗಳೆಲ್ಲ ಮೋಟರಿಗೆ ಮುಂಚೆಯೇ ಇದ್ದರೆ ಈ ಕಣಗಳಿಗೆ ತಡೆಯಿಲ್ಲ. ಕೊನೆಯ ಫಿಲ್ಟರನ್ನು ಊದುವ ಬದಿಯಲ್ಲಿ ಇಡುವುದಕ್ಕೆ ಸಮರ್ಥನೆ ಇದೇ. ಅದರ ಬೆಲೆ, ಆ ಬದಿಯ ಸೀಲುಗಳನ್ನೆಲ್ಲ ಕಟ್ಟುನಿಟ್ಟಾಗಿ ಇಡಬೇಕಾದದ್ದು. ಬ್ರಷ್ ಇಲ್ಲದ ಮೋಟರಿನ, ಬ್ಯಾಟರಿಯ ಯಂತ್ರಗಳಿಗೆ ಈ ಮೂಲ ಅನ್ವಯಿಸುವುದಿಲ್ಲ.

ಬಿಡಿ ಯಂತ್ರಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಬ್ರಿಸ್ಬೇನ್ ತಂಡದ (ನಿಬ್ಸ್, ಮೊರಾವ್‌ಸ್ಕಾ ಮತ್ತಿತರರು) 2012ರ ಲೇಖನ ಇಂದಿಗೂ ಉಪಯುಕ್ತ. 21 ಯಂತ್ರಗಳಲ್ಲಿ 0.1 ಮೈಕ್ರಾನಿಗಿಂತ ಚಿಕ್ಕ ಕಣಗಳ ಹೊಮ್ಮುವಿಕೆ ನಿಮಿಷಕ್ಕೆ 40 ಲಕ್ಷದಿಂದ 11,000 ಕೋಟಿಯವರೆಗೆ ಹರಡಿತ್ತು, ಅನುಪಾತ 27,500. ಪಿಎಂ2.5 ನಿಮಿಷಕ್ಕೆ 0.24ರಿಂದ 5,400 ಮೈಕ್ರೋಗ್ರಾಮ್. ಉಷ್ಣತೆ, ಧೂಳಿನ ಚೀಲ, ಹೊರದಾರಿಯ ಫಿಲ್ಟರ್, ಬೆಲೆ, ವಯಸ್ಸು ಇವು ಈ ಹರಹನ್ನು ಬಹುಮಟ್ಟಿಗೆ ವಿವರಿಸಲಿಲ್ಲ ಎಂದು ಲೇಖಕರು ಬರೆಯುತ್ತಾರೆ. ಅವರ ಸಾರಾಂಶ ಪಟ್ಟಿಮಾಡುವ ಅಂಶಗಳಲ್ಲಿ ಸೀಲಿನ ಸ್ಥಿತಿ ಸೇರಿಲ್ಲ. ವಿವರಣೆಗೆ ಸಿಗದ ಆ ಹರಹಿನ ಒಂದು ಪಾಲು ಸೋರಿಕೆಯದಾಗಿರಬಹುದು ಎಂಬ ಊಹೆ 4ನೇ ಭಾಗದ ಲೆಕ್ಕಕ್ಕೆ ಹೊಂದುತ್ತದೆ. ಆ ದತ್ತಾಂಶದಿಂದ ಅದು ಸಾಬೀತಾಗುವುದಿಲ್ಲ. ಮೋಟರಿನ ಹೊಮ್ಮುವಿಕೆಯೂ ಅಷ್ಟೇ ಸಮರ್ಥ ವಿವರಣೆಯಾಗಬಹುದು.

7. ಮನೆಯಲ್ಲಿ ಗುರುತಿಸಬಹುದಾದದ್ದು

ಪ್ರಯೋಗಾಲಯವಿಲ್ಲದೆ ಸೋರಿಕೆಯ ಪ್ರಮಾಣ ಹೇಳಲಾಗದು. ಸೋರಿಕೆ ಇದೆ ಎಂಬುದನ್ನು ಮಾತ್ರ ಕೆಲವೊಮ್ಮೆ ಹೇಳಬಹುದು. ಹೆಚ್ಚು ನಂಬಬಹುದಾದ ಗುರುತು ಫಿಲ್ಟರಿನ ಚೌಕಟ್ಟಿನ ಮೇಲೆಯೇ ಇರುತ್ತದೆ. ಕೆಲವು ತಿಂಗಳು ಬಳಸಿದ ಫಿಲ್ಟರನ್ನು ಬಿಚ್ಚಿ, ಶುದ್ಧ ಗಾಳಿಯ ಬದಿಯಿಂದ ಅಂಚನ್ನು ನೋಡಬೇಕು. ಸೀಲ್ ಸರಿಯಾಗಿದ್ದರೆ ಗ್ಯಾಸ್ಕೆಟ್ಟಿನ ಒಳಬದಿ ಬೂದುಬಣ್ಣಕ್ಕೆ ತಿರುಗಿ, ಒತ್ತಿ ಕೂತಿದ್ದ ಜಾಗದಲ್ಲಿ ಗೆರೆ ಕೊಯ್ದಂತೆ ನಿಲ್ಲುತ್ತದೆ. ಆಚೆಗೆ ಪ್ಲಾಸ್ಟಿಕ್ ತನ್ನ ಮೊದಲಿನ ಬಣ್ಣದಲ್ಲಿರುತ್ತದೆ. ಸೋರುತ್ತಿದ್ದರೆ ಆ ಗೆರೆಯನ್ನು ದಾಟಿ, ಬೀಸಣಿಗೆಯಾಕಾರದಲ್ಲಿ ಹರಡಿದ ನಯವಾದ ಬೂದು ಪಟ್ಟೆಗಳು ಕಾಣುತ್ತವೆ. ಪಟ್ಟೆಯ ಬುಡ ಸಂದಿನ ಜಾಗವನ್ನು ತೋರಿಸುತ್ತದೆ. ಇಂಥ ಪಟ್ಟೆಗಳು ಬಹಳ ಮಟ್ಟಿಗೆ ಮೂಲೆಗಳಲ್ಲಿ, ಚಿಲಕ ಒತ್ತದ ಬದಿಯಲ್ಲಿ, ಗ್ಯಾಸ್ಕೆಟ್ ಪಟ್ಟಿಯ ಎರಡು ತುದಿ ಸೇರುವ ಕಡೆಯಲ್ಲಿ ಇರುತ್ತವೆ. ಫೋಮಿನ ಗ್ಯಾಸ್ಕೆಟ್ ಬಹುಕಾಲ ಒತ್ತಡದಲ್ಲಿದ್ದು ಚಪ್ಪಟೆಯಾಗಿಯೇ ಉಳಿಯುವುದು ಸಾಮಾನ್ಯ ಕಾರಣ. ತೊಳೆಯಬಹುದಾದ ಫಿಲ್ಟರುಗಳಲ್ಲಿ, ಪೂರ್ತಿ ಒಣಗುವ ಮುನ್ನ ಕೂರಿಸಿದ ಚೌಕಟ್ಟು ಬಾಗಿರುವುದೂ ಉಂಟು. ಮೋಟರಿಗೆ ಮುಂಚಿನ ಫಿಲ್ಟರಿನಲ್ಲಿ ಕಂಡ ಪಟ್ಟೆ, ಹೊರಕ್ಕೆ ಸೋರಿಕೆಯ ಸಾಕ್ಷಿಯಲ್ಲ. ಧೂಳು ಮೋಟರನ್ನು ತಲುಪುತ್ತಿದೆ ಎಂಬುದಕ್ಕೆ ಸಾಕ್ಷಿ.

ಯಂತ್ರ ಓಡುತ್ತಿರುವಾಗ ಹಚ್ಚಿದ ಊದುಬತ್ತಿಯನ್ನು ಹಿಂಬದಿಯ ಕವಚದ ಸಂದುಗಳ ಬಳಿ ನಿಧಾನವಾಗಿ ಸರಿಸಿದರೆ, ಹೊಗೆಯ ಎಳೆ ಹೊರಕ್ಕೆ ಬಾಗುವ ಜಾಗ ಊದುವ ಬದಿಯ ಸೋರಿಕೆ ಇರಬಹುದಾದ ಕಡೆ. ಹೊರದಾರಿಯ ಗಾಳಿಯೇ ಹೊಗೆಯನ್ನು ಕದಡುವುದರಿಂದ ಅಲ್ಲಿಗೆ ಹತ್ತಿರದ ಸಂದುಗಳಲ್ಲಿ ಈ ಗುರುತು ನಿಲ್ಲುವುದಿಲ್ಲ. ಕಿಡಿ ಕೊಳವೆಗೆ ಎಳೆಯದಂತೆ ಹೀರುವ ಬಾಯಿಯಿಂದ ದೂರವಿರಬೇಕು. 0.1 ಮಿ.ಮೀ. ಸಂದು ಈ ವಿಧಾನಕ್ಕೆ ಸಿಗುವ ಸಂಭವ ಕಡಿಮೆ.

ಕೈಯಲ್ಲಿ ಹಿಡಿಯುವ ಲೇಸರ್ ಕಣಗಣಕಗಳು ಈಗ ಸುಲಭವಾಗಿ ಸಿಗುತ್ತವೆ. ಹೊರದಾರಿಯ ಮುಂದೆ ಗಣಕವಿಟ್ಟು ‘ಸೊನ್ನೆ’ ತೋರಿಸುವ ಪ್ರದರ್ಶನಗಳೂ ಹೆಚ್ಚಿವೆ. ಇದರಲ್ಲಿ ತಪ್ಪು ಎರಡು ದಿಕ್ಕಿನಿಂದಲೂ ಬರಬಹುದು. ಧೂಳು ಉಣಿಸದೆ ಬರೀ ಕೋಣೆಯ ಗಾಳಿಯನ್ನು ಎಳೆಯುವ ಯಂತ್ರದಲ್ಲಿ, ಒಳಗೆ ಹೋಗುವ ಕಣಗಳೇ ಕಡಿಮೆ, ಶೇ. 1 ಬಿಡುವ ಯಂತ್ರವೂ ಆಗ ಚೊಕ್ಕಟವಾಗಿ ಕಾಣುತ್ತದೆ. ವಿರುದ್ಧವಾಗಿ, ಹೊರದಾರಿಯ ಧಾರೆ ಸುತ್ತಲಿನ ಗಾಳಿಯನ್ನು ತನ್ನೊಳಗೆ ಸೆಳೆದುಕೊಳ್ಳುವುದರಿಂದ, ಗಣಕವನ್ನು ಕೆಲವು ಸೆಂಟಿಮೀಟರ್ ಹಿಂದಕ್ಕೆ ಹಿಡಿದರೂ ಎಣಿಕೆಯಾಗುವುದು ಕೋಣೆಯ ಕಣಗಳು. ಅದೇ ಧಾರೆ ನೆಲದ ಧೂಳನ್ನೂ ಎಬ್ಬಿಸುತ್ತದೆ. ಒಗ್ಗರಣೆ ಹಾಕಿದ ಮೇಲೆ, ದೇವರ ಮುಂದೆ ಊದುಬತ್ತಿ ಹಚ್ಚಿದ ಮೇಲೆ ಕೋಣೆಯ ಹಿನ್ನೆಲೆ ಎಣಿಕೆ ಎಷ್ಟು ಏರುತ್ತದೆಂದರೆ, ಸಾಧಾರಣ ಫಿಲ್ಟರಿನ ಯಂತ್ರವೂ ಕೋಣೆಗಿಂತ ಶುದ್ಧವಾದ ಗಾಳಿಯನ್ನು ಹೊರಬಿಡುತ್ತಿರಬಹುದು. ಹೊರದಾರಿಯ ಎಣಿಕೆ ಕೋಣೆಯ ಎಣಿಕೆಗಿಂತ ಕಡಿಮೆ ಎಂಬ ಒಂದೇ ಫಲಿತಾಂಶದಿಂದ ಸೀಲಿನ ಬಗ್ಗೆ ತೀರ್ಮಾನಕ್ಕೆ ಬರಲಾಗದು.

8. ಅಳತೆ ಪ್ರಕಟಿಸುವವರಿಗೆ

ಯಂತ್ರ ಕೊಳ್ಳುವವರು ಮಾರಾಟಗಾರರಲ್ಲಿ ಫಿಲ್ಟರಿನ ವರ್ಗದ ಜೊತೆಗೆ ಇಡೀ ಯಂತ್ರದ ಮರುಹೊಮ್ಮುವಿಕೆಯ ಅಂಕೆಯನ್ನು, ಅದು ಯಾವ ಮಾನಕದ ಯಾವ ವರ್ಷದ ಆವೃತ್ತಿಯಂತೆ ಅಳೆದದ್ದು ಎಂಬುದನ್ನು ಕೇಳಬೇಕು. ಯಂತ್ರಗಳನ್ನು ಪರೀಕ್ಷಿಸಿ ಕನ್ನಡದಲ್ಲಿ ಬರೆಯುತ್ತಿರುವವರಲ್ಲಿ ಒಂದು ಕೋರಿಕೆ: ಹೊರದಾರಿಯ ಎಣಿಕೆಯನ್ನು ಕೊಡುವಾಗ ಕೋಣೆಯ ಹಿನ್ನೆಲೆ ಎಣಿಕೆ, ಎಣಿಸಿದ ಕಣಗಳ ಗಾತ್ರ, ಹೊರದಾರಿಯಿಂದ ಗಣಕಕ್ಕಿದ್ದ ದೂರ, ಧೂಳು ಉಣಿಸಿದ್ದರೆ ಅದರ ಬಗೆ ಮತ್ತು ತೂಕ, ಫಿಲ್ಟರ್ ಎಷ್ಟು ಕಾಲ ಬಳಸಿದ್ದು ಎಂಬ ವಿವರಗಳನ್ನೂ ಜೊತೆಗೆ ಕೊಡಿ. ಆರು ತಿಂಗಳ ಬಳಿಕ ಅದೇ ಯಂತ್ರವನ್ನು ಅದೇ ಕೋಣೆಯಲ್ಲಿ ಮತ್ತೆ ಅಳೆದು, ಹಳೆಯ ಗ್ಯಾಸ್ಕೆಟ್ಟಿನಿಂದ ಒಮ್ಮೆ, ಹೊಸದನ್ನು ಕೂರಿಸಿ ಇನ್ನೊಮ್ಮೆ ಎಣಿಕೆ ಕೊಟ್ಟರೆ, 6ನೇ ಭಾಗದಲ್ಲಿ ಊಹೆಯಾಗಿ ಬಿಟ್ಟದ್ದನ್ನು ಒರೆಗೆ ಹಚ್ಚಲು ಬೇಕಾದ ದತ್ತಾಂಶ ಸಿಗುತ್ತದೆ.